ಲ್ಯಾಪ್‌ಟಾಪಿನಲ್ಲಿ ಕೇಯಾಸ್ ಮತ್ತು ವಿಸರಣೆ ಅಳೆಯುವುದು ಹೇಗೆ? ಪ್ರಾಜೆಕ್ಟ್ ಮಾಡುವವರಿಗೆ ಹಂತ ಹಂತದ ದಾರಿ

ಎಂಎಸ್ಸಿ ಪ್ರಾಜೆಕ್ಟಿನ ವಿಷಯ ಆರಿಸುವ ಹೊತ್ತಿಗೆ ಕೊಣಾಜೆ, ಸುರತ್ಕಲ್, ಮಣಿಪಾಲ, ಉಡುಪಿ ಕಡೆಯಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಕೇಯಾಸ್ ಮೇಲೆ ಕಂಪ್ಯೂಟರಿನಲ್ಲಿ ಏನಾದರೂ ಮಾಡಬೇಕು ಸರ್, ದೊಡ್ಡ ಮೆಷಿನ್ ಇಲ್ಲ, ಎಲ್ಲಿಂದ ಹಿಡಿಯುವುದು?" ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಬರೆಯುವ ಬದಲು ಇಡೀ ದಾರಿಯನ್ನು ಇಲ್ಲಿ ಒಟ್ಟಿಗೆ ಕೊಟ್ಟಿದ್ದೇನೆ. ದೊಡ್ಡ ಮೆಷಿನ್ ಬೇಡ. ಬೇಕಾದದ್ದು ತಾಳ್ಮೆ, ಮತ್ತು ಸ್ವಂತ ಪ್ರೋಗ್ರಾಮಿನ ಮೇಲೆ ಸ್ವಲ್ಪ ಅನುಮಾನ.

ಮೊದಲೇ ಒಂದು ಮಾತು. ಕೇಯಾಸ್ ಬೇರೆ, ವಿಸರಣೆ ಬೇರೆ. ಹೆಚ್ಚಿನ ವರದಿಗಳಲ್ಲಿ ಇವೆರಡನ್ನು ಕಲಸಿ ಬಿಡುತ್ತಾರೆ: "ಲ್ಯಾಪುನೋವ್ ಘಾತಾಂಕ ಧನಾತ್ಮಕ ಬಂತು, ಆದ್ದರಿಂದ ಸಿಸ್ಟಮ್ ಹರಡುತ್ತದೆ" ಎಂದು ಬರೆದು ಮುಗಿಸುತ್ತಾರೆ. ಆ "ಆದ್ದರಿಂದ" ತಪ್ಪು. ಎರಡನ್ನೂ ಬೇರೆ ಬೇರೆ ಅಳೆಯಬೇಕು. ಕೆಳಗಿನ ಹಂತಗಳೆಲ್ಲ ಇದಕ್ಕಾಗಿಯೇ.

ಕೆಲವು ಪದಗಳ ಅರ್ಥ

ಡೈನಮಿಕಲ್ ಸಿಸ್ಟಮ್ ಎಂದರೆ ಈಗಿನ ಸ್ಥಿತಿ ಕೊಟ್ಟರೆ ಮುಂದಿನ ಸ್ಥಿತಿ ಹೇಳುವ ನಿಯಮ. ಅದರಲ್ಲಿ ಅದೃಷ್ಟಕ್ಕೆ ಜಾಗವಿಲ್ಲ. ಸ್ಥಾನ ಮತ್ತು ಸಂವೇಗಗಳನ್ನು ಅಕ್ಷಗಳಾಗಿ ಇಟ್ಟುಕೊಂಡ ಜಾಗಕ್ಕೆ ಫೇಸ್ ಸ್ಪೇಸ್ ಎನ್ನುತ್ತೇವೆ, ಅದರಲ್ಲಿ ಒಂದು ಬಿಂದು ನಡೆದ ಹಾದಿಗೆ ಪಥ. ಪಕ್ಕಪಕ್ಕದಿಂದ ಹೊರಟ ಎರಡು ಪಥಗಳ ಅಂತರ ಸರಾಸರಿಯಲ್ಲಿ ಘಾತೀಯವಾಗಿ ಬೆಳೆದರೆ ಅದು ಕೇಯಾಸ್. ಬೆಳೆಯುವ ದರವೇ ಲ್ಯಾಪುನೋವ್ ಘಾತಾಂಕ. ವಿಸರಣೆ, ಅಂದರೆ ಡಿಫ್ಯೂಷನ್, ಒಂದು ಪಥದ ಗುಣವಲ್ಲ, ಗುಂಪಿನದು. ಒಂದೇ ಸಂವೇಗದಿಂದ ಹೊರಟ ಸಾವಿರಾರು ಪಥಗಳ ಸಂವೇಗ ಹರಡುತ್ತಾ ಹೋಗಿ, ಸ್ಥಳಾಂತರದ ವರ್ಗದ ಸರಾಸರಿ ಕಾಲಕ್ಕೆ ನೇರ ಅನುಪಾತದಲ್ಲಿ ಏರಿದರೆ ಅದನ್ನು ಸಾಮಾನ್ಯ ವಿಸರಣೆ ಎನ್ನಬಹುದು.

ಬೇಕಾದ ಸಾಮಾನು

8 ಜಿಬಿ ಮೆಮೊರಿಯ ಯಾವ ಲ್ಯಾಪ್‌ಟಾಪೂ ಸಾಕು. ಪೈಥಾನ್ ಬರುತ್ತದಾದರೆ ನಂಪೈ, ಮ್ಯಾಟ್‌ಪ್ಲಾಟ್‌ಲಿಬ್ ಜೊತೆಗೆ ನಂಬಾ ಹಾಕಿಕೊಳ್ಳಿ. ಕೊನೆಯದನ್ನು ಬಿಡಬೇಡಿ, ಅದಿಲ್ಲದ ಬರೀ ಪೈಥಾನ್ ಲೂಪು ಈ ಕೆಲಸಕ್ಕೆ ಹತ್ತಾರು ಪಟ್ಟು ನಿಧಾನ. ಸಿ ಅಥವಾ ಫೋರ್ಟ್ರಾನ್ ಗೊತ್ತಿದ್ದವರು ಅದರಲ್ಲೇ ಬರೆಯಿರಿ, ಯಾರೂ ಕೀಳಾಗಿ ನೋಡುವುದಿಲ್ಲ. ಗಣಿತದಲ್ಲಿ ಭಾಗಶಃ ಅವಕಲನ ಮತ್ತು ಮ್ಯಾಟ್ರಿಕ್ಸ್ ಗುಣಾಕಾರ ಬಂದರೆ ಸಾಕು.

ಹಂತ 1: ಎರಡು ಆಯಾಮದಿಂದಲೇ ಶುರು ಮಾಡಿ

ಪ್ರಾಜೆಕ್ಟಿನ ಶೀರ್ಷಿಕೆಯಲ್ಲಿ "ಬಹು ಆಯಾಮ" ಎಂದಿದೆ ಎಂದು ನೇರ ಆರು ಆಯಾಮಕ್ಕೆ ಹಾರುವವರಿದ್ದಾರೆ. ಬೇಡ. ಸರಿ ಉತ್ತರ ಮೊದಲೇ ಗೊತ್ತಿರುವ ಜಾಗದಲ್ಲಿ ಪ್ರೋಗ್ರಾಮನ್ನು ಪರೀಕ್ಷಿಸಿದ ಮೇಲೆ ಮುಂದಿನದು. ಅದಕ್ಕೆ ಹೇಳಿ ಮಾಡಿಸಿದ್ದು ಸ್ಟ್ಯಾಂಡರ್ಡ್ ಮ್ಯಾಪ್. ಮ್ಯಾಪ್ ಎಂದರೆ ಕಾಲವನ್ನು ಹೆಜ್ಜೆ ಹೆಜ್ಜೆಯಾಗಿ ಎಣಿಸುವ ಡೈನಮಿಕಲ್ ಸಿಸ್ಟಮ್. ರಷ್ಯಾದ ನೊವೊಸಿಬಿರ್ಸ್ಕ್‌ನಲ್ಲಿದ್ದ ಬೊರಿಸ್ ಚಿರಿಕೊವ್ 1979ರಲ್ಲಿ ಪ್ರಕಟಿಸಿದ ದೀರ್ಘ ಲೇಖನದ ನಂತರ ಈ ಕ್ಷೇತ್ರದವರೆಲ್ಲ ಬಳಸುವ ಮಾದರಿ ಇದು. ಎರಡೇ ಸಾಲು:

ಹೊಸ ಪಿ = ಹಳೆ ಪಿ + ಕೆ × ಸೈನ್(ಹಳೆ ಥೀಟಾ)
ಹೊಸ ಥೀಟಾ = ಹಳೆ ಥೀಟಾ + ಹೊಸ ಪಿ

ಇಲ್ಲಿ ಥೀಟಾ ಕೋನ, ಪಿ ಸಂವೇಗ, ಕೆ ಪ್ರತಿ ಹೆಜ್ಜೆಗೆ ಬೀಳುವ ಒದೆತದ ಬಲ.

ಎರಡನೇ ಸಾಲಿನಲ್ಲಿ "ಹೊಸ ಪಿ" ಎಂದಿರುವುದನ್ನು ಎರಡು ಸಲ ಓದಿ. ಅಲ್ಲಿ ಹಳೆಯದನ್ನು ಹಾಕಿದರೆ ಮ್ಯಾಪಿನ ಅವಕಲನಗಳ ಮ್ಯಾಟ್ರಿಕ್ಸಿನ ನಿರ್ಧಾರಕ (ಡಿಟರ್ಮಿನೆಂಟ್) 1 ಇರಬೇಕಾದದ್ದು 1 − ಕೆ × ಕೊಸೈನ್(ಥೀಟಾ) ಆಗುತ್ತದೆ. ಫೇಸ್ ಸ್ಪೇಸಿನ ವಿಸ್ತೀರ್ಣ ಉಳಿಯುವುದಿಲ್ಲ. ಚಿತ್ರ ಮಾತ್ರ ಚೆನ್ನಾಗಿಯೇ ಕಾಣುತ್ತದೆ, ಹಾಗಾಗಿ ತಪ್ಪು ಬೇಗ ಸಿಗುವುದಿಲ್ಲ. ನಂಪೈಯಲ್ಲಿ ಎರಡನ್ನೂ ಒಂದೇ ಸಾಲಿನಲ್ಲಿ ಒಟ್ಟಿಗೆ ಬದಲಿಸುವ ಚಾಳಿ ಇದ್ದವರು ಹೆಚ್ಚಾಗಿ ಬೀಳುವುದು ಇಲ್ಲಿಯೇ.

ಇನ್ನೊಂದು ಹೊಂಡ ಇದಕ್ಕಿಂತ ದೊಡ್ಡದು. ಚಿತ್ರ ಅಚ್ಚುಕಟ್ಟಾಗಿ ಬರಲಿ ಎಂದು ಥೀಟಾ, ಪಿ ಎರಡನ್ನೂ 2π ಒಳಗೆ ಮಡಚುತ್ತಾರೆ. ಥೀಟಾವನ್ನು ಮಡಚಲೇಬೇಕು, ಇಲ್ಲದಿದ್ದರೆ ಅದು ಬೆಳೆದಂತೆ ದಶಾಂಶದ ಕಡೆಯ ಅಂಕೆಗಳು ಸವೆಯುತ್ತವೆ. ಪಿಯನ್ನು ಮಡಚಿದರೆ ಅದರ ಹರಡುವಿಕೆ 2π ದಾಟುವುದೇ ಇಲ್ಲ, ವಿಸರಣೆ ಅಲ್ಲಿಗೇ ಮಾಯ. ಚಿತ್ರಕ್ಕೆ ಮಡಚಿದ ಪ್ರತಿ ಬೇರೆ ಇರಲಿ; ಲೆಕ್ಕದ ಪಿಯನ್ನು ಮುಟ್ಟಬೇಡಿ.

ಕೆ = 0.5, 0.9, 1.5, 5 ಇಟ್ಟು ನಾಲ್ಕು ಚಿತ್ರ ತೆಗೆಯಿರಿ. ಕೆ ಸುಮಾರು 0.9716 ದಾಟುವ ತನಕ ಪಿ ಅಕ್ಷಕ್ಕೆ ಅಡ್ಡವಾಗಿ ಉದ್ದಕ್ಕೂ ಹಾಯುವ ಮುರಿಯದ ಗೆರೆಗಳು ಇರುತ್ತವೆ. ಇವೇ ಕೆಎಎಂ ಗೆರೆಗಳು, ಅಂದರೆ ಕೊಲ್ಮೊಗೊರೊವ್, ಆರ್ನೊಲ್ಡ್, ಮೋಸರ್ ಎಂಬ ಮೂವರ ಪ್ರಮೇಯ ಖಾತ್ರಿ ಕೊಟ್ಟ, ಕ್ರಮಬದ್ಧ ಚಲನೆಯ ಗೆರೆಗಳು. ಕೊನೆಯ ಗೆರೆ ಮುರಿಯುವ ಬೆಲೆಯನ್ನು 0.971635 ಎಂದು ಜಾನ್ ಗ್ರೀನ್ 1979ರಲ್ಲಿ ಲೆಕ್ಕ ಹಾಕಿದರು. ಅನುರಣನಗಳು, ಅಂದರೆ ಒದೆತದ ತಾಳಕ್ಕೆ ಕೋನದ ತಿರುಗುವಿಕೆ ಕೂಡಿಬರುವ ಜಾಗಗಳು, ಒಂದರ ಮೇಲೊಂದು ಬೀಳುವುದನ್ನು ನೋಡುವ ಚಿರಿಕೊವ್ ಅವರ ಸರಳ ಅಂದಾಜು ಕೊಡುವುದು π²/4, ಅಂದರೆ ಸುಮಾರು 2.47. ಎರಡೂವರೆ ಪಟ್ಟು ಹೆಚ್ಚು, ಹೌದು. ಆದರೂ ಕಾಗದದ ಮೇಲೆ ಎರಡು ನಿಮಿಷದಲ್ಲಿ ಸಿಗುವ ಅಂದಾಜಿಗೆ ಅದು ಸಣ್ಣ ಸಾಧನೆಯಲ್ಲ.

ಹಂತ 2: ಲ್ಯಾಪುನೋವ್ ಘಾತಾಂಕ

ಎರಡು ವಿಧಾನಗಳಿವೆ. ಒಂದು, ಅತಿ ಹತ್ತಿರದ ಎರಡು ಪಥಗಳನ್ನು ಓಡಿಸಿ ಅಂತರ ಅಳೆಯುವುದು. ಆಗಾಗ ಎರಡನೆಯದನ್ನು ಎಳೆದು ಮತ್ತೆ ಹತ್ತಿರ ತರಬೇಕು. ಇನ್ನೊಂದು, ಪಥದ ಜೊತೆಗೆ ಒಂದು ವಿಚಲನ ಸದಿಶವನ್ನು, ಅಂದರೆ ಪಕ್ಕದ ಪಥದ ಕಡೆಗಿರುವ ಅತಿ ಸಣ್ಣ ಅಂತರವನ್ನು ತೋರುವ ಬಾಣವನ್ನು, ಸಾಗಿಸುವುದು. ನನ್ನ ಮತ ಎರಡನೆಯದಕ್ಕೆ. ಮೊದಲನೆಯದರಲ್ಲಿ ಆರಂಭದ ಅಂತರ ಎಷ್ಟಿರಬೇಕು ಎಂಬ ತಲೆನೋವು ಮುಗಿಯುವುದಿಲ್ಲ: ಜಾಸ್ತಿಯಾದರೆ ಸರಳರೇಖೀಯತೆ ಹೋಯಿತು, ತೀರಾ ಕಡಿಮೆಯಾದರೆ ಕಂಪ್ಯೂಟರಿನ ಅಂಕೆಗಳೇ ಮುಗಿದುಹೋಗುತ್ತವೆ.

ವಿಚಲನಕ್ಕೆ ನಿಯಮ ಹೀಗೆ:

ಹೊಸ ಡೆಲ್ಟಾಪಿ = ಹಳೆ ಡೆಲ್ಟಾಪಿ + ಕೆ × ಕೊಸೈನ್(ಹಳೆ ಥೀಟಾ) × ಹಳೆ ಡೆಲ್ಟಾಥೀಟಾ
ಹೊಸ ಡೆಲ್ಟಾಥೀಟಾ = ಹಳೆ ಡೆಲ್ಟಾಥೀಟಾ + ಹೊಸ ಡೆಲ್ಟಾಪಿ

ಪ್ರತಿ ಹೆಜ್ಜೆಗೆ ಸದಿಶದ ಉದ್ದದ ಲಾಗರಿದಮ್ ಅನ್ನು ಒಂದು ಕಡೆ ಕೂಡಿಸಿಕೊಳ್ಳಿ, ಉದ್ದವನ್ನು ಮತ್ತೆ 1ಕ್ಕೆ ಇಳಿಸಿ. ಒಟ್ಟು ಮೊತ್ತವನ್ನು ಹೆಜ್ಜೆಗಳ ಸಂಖ್ಯೆಯಿಂದ ಭಾಗಿಸಿದರೆ ಘಾತಾಂಕ ಬಂತು. ಲಾಗ್ ಎಂದರೆ ಇಲ್ಲಿ ಸಹಜ ಲಾಗ್, ಹತ್ತರ ಆಧಾರದ್ದಲ್ಲ.

ಪರೀಕ್ಷೆ: ಕೆ ದೊಡ್ಡದಿದ್ದಾಗ ಘಾತಾಂಕ ಲಾಗ್(ಕೆ/2) ಹತ್ತಿರ ಬರಬೇಕು. ಕೆ = 10ಕ್ಕೆ 1.609. ನಿಮಗೆ 0.7 ಬಂದರೆ ಹತ್ತರ ಲಾಗ್ ಹಾಕಿದ್ದೀರಿ.

ಎಚ್ಚರಿಕೆ: ಸೀಮಿತ ಕಾಲದಲ್ಲಿ ಘಾತಾಂಕ ಸಾಮಾನ್ಯವಾಗಿ ಸೊನ್ನೆಗಿಂತ ಮೇಲೆಯೇ ಕಾಣುತ್ತದೆ. ಕ್ರಮಬದ್ಧ ಪಥದಲ್ಲೂ ವಿಚಲನ ಕಾಲಕ್ಕೆ ನೇರವಾಗಿ ಬೆಳೆಯುವುದರಿಂದ, ನೀವು ಅಳೆದ ಬೆಲೆ ಲಾಗ್(ಹೆಜ್ಜೆ)/ಹೆಜ್ಜೆ ಎಂಬಂತೆ ನಿಧಾನ ಇಳಿಯುತ್ತದೆ. 1000 ಹೆಜ್ಜೆಗೆ ಸುಮಾರು 0.007, ಹತ್ತು ಲಕ್ಷ ಹೆಜ್ಜೆಗೆ 0.000014. ಹಾಗಾಗಿ "0.007 ಬಂತು, ಕೇಯಾಸ್" ಎಂದು ಬರೆಯುವಂತಿಲ್ಲ. ಎರಡೂ ಅಕ್ಷ ಲಾಗ್ ಇರುವ ಗ್ರಾಫಿನಲ್ಲಿ ಘಾತಾಂಕವನ್ನು ಕಾಲದ ಎದುರು ಹಾಕಿ. ಇಳಿಯುತ್ತಲೇ ಹೋದರೆ ಕ್ರಮಬದ್ಧ, ಒಂದು ಮಟ್ಟದಲ್ಲಿ ನಿಂತರೆ ಕೇಯಾಸ್. ತುಂಬಾ ಹೊತ್ತು ಇಳಿದು ಆಮೇಲೆ ಥಟ್ಟನೆ ಏರಿದರೆ? ಪಥ ಒಂದು ದ್ವೀಪದ (ಕೇಯಾಸಿನ ನಡುವೆ ಉಳಿದ ಕ್ರಮಬದ್ಧ ಚಲನೆಯ ತುಂಡಿನ) ಅಂಚಿಗೆ ಅಂಟಿಕೊಂಡಿತ್ತು, ಈಗ ಬಿಡಿಸಿಕೊಂಡಿತು. ಈ ಅಂಟುವಿಕೆ ಮುಂದೆಯೂ ಕಾಡುತ್ತದೆ.

ಇಲ್ಲಿಯೇ ಒಂದು ಸಣ್ಣ ಪ್ರಯೋಗ ಮಾಡಿ, ಯಾಕೆಂದರೆ ಮೇಲೆ ಹೇಳಿದ ಮಾತಿಗೆ ಇದೇ ಸಾಕ್ಷಿ. ಕೆ = 0.9 ಇಟ್ಟು, ಥೀಟಾ = 0, ಪಿ = 0 ಬಿಂದುವಿನ ತೀರಾ ಹತ್ತಿರದಿಂದ ಒಂದು ಪಥ ಹೊರಡಿಸಿ. ಅದು ಅಸ್ಥಿರ ಬಿಂದು, ಸುತ್ತ ಕೇಯಾಸಿನ ಪದರ ಇದೆ. ಘಾತಾಂಕ ಧನಾತ್ಮಕ ಬೆಲೆಯಲ್ಲಿ ನಿಲ್ಲುವುದನ್ನು ನೋಡಬಹುದು. ಆದರೆ ಕೆಎಎಂ ಗೆರೆಗಳು ಇನ್ನೂ ಮುರಿದಿಲ್ಲವಾದ್ದರಿಂದ ಪಿ ಎಷ್ಟು ಕಾಲ ಓಡಿಸಿದರೂ ಒಂದು ಮಿತಿಯೊಳಗೇ ಸುತ್ತುತ್ತದೆ. ಕೇಯಾಸ್ ಇದೆ, ವಿಸರಣೆ ಇಲ್ಲ. ಈ ಗ್ರಾಫ್ ನಿಮ್ಮ ವರದಿಯಲ್ಲಿ ಇರಲಿ.

ಹಂತ 3: ಕಂಪ್ಯೂಟರ್ ಕೊಟ್ಟ ಪಥವನ್ನು ಎಷ್ಟು ನಂಬಬಹುದು?

ವೈವಾದಲ್ಲಿ ಕೇಳಿಯೇ ಕೇಳುತ್ತಾರೆ. ಡಬಲ್ ಪ್ರಿಸಿಷನ್ ಎಂದರೆ ಸುಮಾರು 16 ದಶಾಂಶ ಅಂಕೆ. ಕೆ = 10ರಲ್ಲಿ ತಪ್ಪು ಪ್ರತಿ ಹೆಜ್ಜೆಗೆ ಸರಾಸರಿ ಐದು ಪಟ್ಟಾಗುತ್ತದೆ. 10⁻¹⁶ರ ತಪ್ಪು 1ರಷ್ಟು ಬೆಳೆಯಲು ಸುಮಾರು 23 ಹೆಜ್ಜೆ ಸಾಕು.

ಕಣ್ಣಾರೆ ನೋಡಬೇಕೆಂದರೆ ಥೀಟಾ = 1ರಿಂದ ಒಂದು, 1 + 10⁻¹⁵ರಿಂದ ಇನ್ನೊಂದು ಪಥ ಹೊರಡಿಸಿ, ಎರಡೂ ಥೀಟಾಗಳನ್ನು ಆರು ದಶಾಂಶಕ್ಕೆ ಪಕ್ಕಪಕ್ಕ ಪ್ರಿಂಟ್ ಮಾಡಿ. ಹತ್ತನೇ ಸಾಲಿನ ತನಕ ಒಂದಂಕೆಯೂ ಬೇರೆಯಾಗುವುದಿಲ್ಲ. ಹದಿನೈದರ ಹೊತ್ತಿಗೆ ಐದನೇ ದಶಾಂಶ ಅಲ್ಲಾಡತೊಡಗುತ್ತದೆ, ಹದಿನೆಂಟರಲ್ಲಿ ಮೂರನೆಯದು. ಇಪ್ಪತ್ತೆರಡರ ಸುಮಾರಿಗೆ ಎರಡು ಕಾಲಮ್ಮುಗಳಿಗೆ ಸಂಬಂಧವೇ ಇರುವುದಿಲ್ಲ. ಒಂದೆರಡು ಸಾಲು ಹಿಂದೆ ಮುಂದೆ ಆಗಬಹುದು.

ಹಾಗಾದರೆ ಹತ್ತು ಲಕ್ಷ ಹೆಜ್ಜೆಯ ಲೆಕ್ಕಕ್ಕೆ ಬೆಲೆ ಏನು? ಒಂಟಿ ಪಥಕ್ಕೆ ಬೆಲೆ ಇಲ್ಲ. ಪ್ರಬಲ ಕೇಯಾಸಿನಲ್ಲಿ ಕಂಪ್ಯೂಟರಿನ ಪಥದ ಪಕ್ಕದಲ್ಲೇ ಬೇರೆ ಆರಂಭದಿಂದ ಹೊರಟ ಒಂದು ನಿಜವಾದ ಪಥ ಬಹುಕಾಲ ಜೊತೆಗೆ ಸಾಗುತ್ತದೆ. ಇದಕ್ಕೆ ನೆರಳು ಪಥ ಎನ್ನುತ್ತಾರೆ. ಹಾಗಾಗಿ ಗುಂಪಿನ ಸರಾಸರಿಗಳು ನಂಬಿಕೆಗೆ ಅರ್ಹ. ವರದಿಯಲ್ಲಿ "ಈ ಪಥ 50,000ನೇ ಹೆಜ್ಜೆಯಲ್ಲಿ ಇಲ್ಲಿತ್ತು" ಎಂಬಂಥ ವಾಕ್ಯ ಬರೆಯಬೇಡಿ. ಪ್ರೋಗ್ರಾಮನ್ನು ಬೇರೆ ಕಂಪೈಲರಿನಲ್ಲಿ ಓಡಿಸಿ ಪಥ ಬದಲಾಯಿತೆಂದು ಮಂಡೆ ಬಿಸಿ ಮಾಡಿಕೊಳ್ಳುವುದೂ ಬೇಡ. ಸರಾಸರಿ ಬದಲಾದರೆ ಮಾತ್ರ ಹುಡುಕಿ.

ಹಂತ 4: ವಿಸರಣಾ ಗುಣಾಂಕ

ಪಿ = 0, ಥೀಟಾ 0ರಿಂದ 2π ತನಕ ಸಮವಾಗಿ ಹರಡಿದ 10,000 ಪಥಗಳನ್ನು ತೆಗೆದುಕೊಳ್ಳಿ. ಪ್ರತಿಯೊಂದರಲ್ಲೂ (ಈಗಿನ ಪಿ − ಆರಂಭದ ಪಿ) ವರ್ಗ ಮಾಡಿ ಸರಾಸರಿ ತೆಗೆಯಿರಿ. ಅದನ್ನು 2 × ಹೆಜ್ಜೆಯಿಂದ ಭಾಗಿಸಿದರೆ ವಿಸರಣಾ ಗುಣಾಂಕ ಡಿ. ಕೆಲವು ಲೇಖನಗಳಲ್ಲಿ ಆ 2 ಇರುವುದಿಲ್ಲ. ಯಾರದ್ದಾದರೂ ಬೆಲೆಯ ಜೊತೆ ಹೋಲಿಸುವ ಮೊದಲು ಅವರ ವ್ಯಾಖ್ಯೆ ನೋಡಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಪ್ರತಿ ಒದೆತವೂ ಹಿಂದಿನದಕ್ಕೆ ಸಂಬಂಧವಿಲ್ಲದ್ದು ಎಂದು ಭಾವಿಸಿದರೆ ಡಿ = ಕೆ²/4 ಬರುತ್ತದೆ. ಆದರೆ ಒದೆತಗಳಿಗೆ ಸ್ವಲ್ಪ ನೆನಪು ಇದೆ. ರೆಚೆಸ್ಟರ್ ಮತ್ತು ವೈಟ್ 1980ರಲ್ಲಿ ಈ ನೆನಪಿನ ತಿದ್ದುಪಡಿಯನ್ನು ಬೆಸೆಲ್ ಫಲನಗಳಲ್ಲಿ ಬರೆದರು. ಅದರ ಪ್ರಕಾರ ಡಿ ಬೆಲೆ ಕೆ²/4ರ ಸುತ್ತ ಏರಿಳಿಯುತ್ತದೆ. ಇದರಿಂದ ನಿಮಗೆ ಎರಡು ಒಳ್ಳೆಯ ಪರೀಕ್ಷಾ ಬಿಂದುಗಳು ಸಿಕ್ಕಿದವು. ಕೆ = 8.42ರಲ್ಲಿ ತಿದ್ದುಪಡಿಗಳು ಹೆಚ್ಚುಕಡಿಮೆ ಹೊಡೆದುಹೋಗುವುದರಿಂದ ಡಿ ಸುಮಾರು 17.7 ಬರಬೇಕು. ಕೆ = 10ರಲ್ಲಿ ಸರಳ ಸೂತ್ರ 25 ಎನ್ನುತ್ತದೆ, ತಿದ್ದಿದ ಸೂತ್ರ 15.6ರ ಹತ್ತಿರ. ಒದೆತ ಜೋರಾಯಿತು, ಹರಡುವಿಕೆ ಕಡಿಮೆಯಾಯಿತು! ಘಾತಾಂಕ ಮಾತ್ರ 1.44ರಿಂದ 1.61ಕ್ಕೆ ಏರಿದೆ. ನಿಮ್ಮ ಪ್ರೋಗ್ರಾಮ್ 10ರಲ್ಲಿ 25 ಕೊಟ್ಟರೆ ಖುಷಿಪಡಬೇಡಿ, ಎಲ್ಲೋ ರ‍್ಯಾಂಡಮ್ ಸಂಖ್ಯೆ ಸೇರಿಕೊಂಡಿದೆ.

10,000 ಪಥಕ್ಕೆ ಸಂಖ್ಯಾಶಾಸ್ತ್ರೀಯ ತಪ್ಪು ಶೇ. 1.4ರಷ್ಟು. ಆದ್ದರಿಂದ 17.71348 ಎಂದು ಐದು ದಶಾಂಶ ಬರೆಯುವುದು ಸುಮ್ಮನೆ ಅಲಂಕಾರ.

ಈಗ ಈ ಹಂತದ ನಿಜವಾದ ಬಲೆ. ಕೆ = 6.6 ಇಟ್ಟು ನೋಡಿ. ಡಿ ನಿಲ್ಲುವುದೇ ಇಲ್ಲ, ಓಡಿಸಿದಷ್ಟು ಏರುತ್ತದೆ. ಪ್ರೋಗ್ರಾಮಿನ ತಪ್ಪಲ್ಲ. ಕೆ ಬೆಲೆ 2πರಿಂದ ಸುಮಾರು 7.45 ತನಕ ಇರುವಾಗ ಪ್ರತಿ ಹೆಜ್ಜೆಗೂ ಪಿ ಸರಿಯಾಗಿ 2π ಗಳಿಸುವ ಸ್ಥಿರ ಬಿಂದುಗಳಿವೆ. ಇವನ್ನು ವೇಗವರ್ಧಕ ಮೋಡ್ ಎನ್ನುತ್ತಾರೆ. ಅಲ್ಲಿ ಸಿಕ್ಕಿಬಿದ್ದ ಪಥ 1000 ಹೆಜ್ಜೆಯಲ್ಲಿ 6283ರಷ್ಟು ದೂರ ಹೋಗುತ್ತದೆ, ಅದರ ವರ್ಗ ಸುಮಾರು 3.9 ಕೋಟಿ. ನೂರರಲ್ಲಿ ಒಂದೇ ಪಥ ಹಾಗೆ ಓಡಿದರೂ ಸರಾಸರಿಗೆ 3.9 ಲಕ್ಷ ಸೇರಿತು. ಉಳಿದ ತೊಂಬತ್ತೊಂಬತ್ತು ಮಂದಿ ಸಾಮಾನ್ಯ ಲೆಕ್ಕದಲ್ಲಿ ಕೊಡುವುದು 22,000ದ ಆಸುಪಾಸು. ಸರಾಸರಿ ಎಂಬುದು ಈ ಒಬ್ಬನ ಕಥೆ ಮಾತ್ರ ಹೇಳುತ್ತಿರುತ್ತದೆ. ಹಾಗಾಗಿ ಬರೀ ಸರಾಸರಿ ನೋಡಬೇಡಿ, ಪಿಯ ಹಿಸ್ಟೊಗ್ರಾಮ್ ಯಾವಾಗಲೂ ತೆಗೆಯಿರಿ. ಗಂಟೆಯಾಕಾರದ ಗುಡ್ಡ ಇದ್ದರೆ ಸಾಮಾನ್ಯ ವಿಸರಣೆ. ದೂರದಲ್ಲಿ ಬೇರೆಯೇ ಗುಡ್ಡ ಎದ್ದಿದ್ದರೆ ಅದನ್ನು ಹಾಗೆಂದೇ ವರದಿ ಮಾಡಿ.

ಇಳಿಜಾರು ಅಳೆಯುವ ರೀತಿಯಲ್ಲೂ ಮೋಸ ಹೋಗಬಹುದು. ವರ್ಗ ಸರಾಸರಿಯನ್ನು ಕಾಲದ ಎದುರು ಲಾಗ್-ಲಾಗ್ ಗ್ರಾಫಿನಲ್ಲಿ ಹಾಕಿ, 1, 2, 4, 8 ಹೀಗೆ ದುಪ್ಪಟ್ಟಾಗುವ ಕಾಲಗಳಲ್ಲಿ ಇಳಿಜಾರನ್ನು ತುಂಡು ತುಂಡಾಗಿ ಅಳೆಯಿರಿ. 1 ಬಂದರೆ ಸಾಮಾನ್ಯ, ಹೆಚ್ಚಾದರೆ ಅತಿ ವಿಸರಣೆ, ಕಡಿಮೆಯಾದರೆ ಮಂದ ವಿಸರಣೆ, ಸೊನ್ನೆಗೆ ಬಂದರೆ ಗೋಡೆ ಸಿಕ್ಕಿದೆ. ಎಲ್ಲಾ ಬಿಂದುಗಳಿಗೆ ಒಂದೇ ನೇರ ಗೆರೆ ಎಳೆದು "0.83, ಮಂದ ವಿಸರಣೆ" ಎಂದು ಬರೆದವರ ಗ್ರಾಫನ್ನು ಬಿಡಿಸಿ ನೋಡಿದರೆ ಎಷ್ಟೋ ಸಲ ಮೊದಲ ಅರ್ಧ 1, ಕೊನೆಯ ಅರ್ಧ 0.6 ಇರುತ್ತದೆ.

ಹಂತ 5: ನಾಲ್ಕು ಆಯಾಮಕ್ಕೆ

ಇಷ್ಟು ಸರಿ ಬಂದ ಮೇಲೆ ಎರಡು ಸ್ಟ್ಯಾಂಡರ್ಡ್ ಮ್ಯಾಪುಗಳನ್ನು ಜೋಡಿಸಿ. ಕ್ಲೋಡ್ ಫ್ರೊಶ್ಲೆ 1970ರ ದಶಕದಲ್ಲಿ ಅಧ್ಯಯನ ಮಾಡಿದ ಬಗೆಯದು ಇದು:

ಹೊಸ ಪಿ1 = ಪಿ1 + ಕೆ1 × ಸೈನ್(ಥೀಟಾ1) + ಬಿ × ಸೈನ್(ಥೀಟಾ1 + ಥೀಟಾ2)
ಹೊಸ ಪಿ2 = ಪಿ2 + ಕೆ2 × ಸೈನ್(ಥೀಟಾ2) + ಬಿ × ಸೈನ್(ಥೀಟಾ1 + ಥೀಟಾ2)
ಆಮೇಲೆ ಎರಡೂ ಥೀಟಾಗಳಿಗೆ ಅವುಗಳ ಹೊಸ ಪಿ ಕೂಡಿಸಿ.

ಬಿ ಎಂಬುದು ಜೋಡಣೆಯ ಬಲ. ಕೊನೆಯ ಪದ ಎರಡೂ ಸಾಲಿನಲ್ಲಿ ಒಂದೇ ಚಿಹ್ನೆಯಲ್ಲಿರಬೇಕು. ವ್ಯತ್ಯಾಸದ ಸೈನ್ ಬಳಸುವುದಾದರೆ ಮಾತ್ರ ಒಂದರಲ್ಲಿ ಚಿಹ್ನೆ ತಿರುಗುತ್ತದೆ.

ಈ ಹೆಚ್ಚುವರಿ ಆಯಾಮಗಳಿಂದ ಏನು ಬದಲಾಯಿತು? ಗದ್ದೆಯ ಸುತ್ತ ಹುಣಿ ಇದ್ದರೆ ನೀರು ಒಳಗೆ ನಿಲ್ಲುತ್ತದೆ. ಅದೇ ಹುಣಿಯನ್ನು ತೆಳ್ಳಗಿನ ಹಗ್ಗವಾಗಿ ಮಾಡಿ ಕೆರೆಯ ನಡುವೆ ಇಳಿಬಿಟ್ಟರೆ ನೀರು ಅದನ್ನು ಬಳಸಿಕೊಂಡು ಹೋಗುತ್ತದೆ. ಎರಡು ಆಯಾಮದಲ್ಲಿ ಕೆಎಎಂ ಗೆರೆ ಹುಣಿಯಂತೆ ತಡೆಯುತ್ತಿತ್ತು. ನಾಲ್ಕು ಆಯಾಮದಲ್ಲಿ ಅದು ಎರಡು ಆಯಾಮದ ಮೇಲ್ಮೈ ಅಷ್ಟೇ, ಜಾಗವನ್ನು ಒಳಗೆ-ಹೊರಗೆ ಎಂದು ಭಾಗ ಮಾಡಲಾರದು. ಆದ್ದರಿಂದ ಎಷ್ಟೇ ದುರ್ಬಲ ಜೋಡಣೆಯಿದ್ದರೂ ತೆಳುವಾದ ಕೇಯಾಸ್ ಪದರಗಳ ಜಾಲದ ಉದ್ದಕ್ಕೆ ಪಥಗಳು ಬಹುದೂರ ತೆವಳಿ ಹೋಗಲು ತಾತ್ವಿಕವಾಗಿ ದಾರಿ ತೆರೆಯಿತು. 1964ರಲ್ಲಿ ವ್ಲಾಡಿಮಿರ್ ಆರ್ನೊಲ್ಡ್ ಒಂದು ಉದಾಹರಣೆಯಲ್ಲಿ ಇದನ್ನು ತೋರಿಸಿದರು, ಅಂದಿನಿಂದ ಆರ್ನೊಲ್ಡ್ ವಿಸರಣೆ ಎಂಬ ಹೆಸರು. ಮೂರು ಅಥವಾ ಹೆಚ್ಚು ಸ್ವಾತಂತ್ರ್ಯ ಮಾನಗಳ ಹ್ಯಾಮಿಲ್ಟೋನಿಯನ್ (ಘರ್ಷಣೆಯಿಲ್ಲದ) ಸಿಸ್ಟಮ್‌ಗಳಿಗೂ ಇದೇ ಮಾತು.

ಕೆಲಸದ ಕ್ರಮ ಹೀಗಿರಲಿ. ಮೊದಲು ಬಿ = 0 ಇಟ್ಟು ಎರಡೂ ಭಾಗಗಳು ಹಳೆಯ ಉತ್ತರವನ್ನೇ ಕೊಡುತ್ತವೆಯೇ ನೋಡಿ. ಆಮೇಲೆ ನಾಲ್ಕು ವಿಚಲನ ಸದಿಶಗಳನ್ನು ಒಟ್ಟಿಗೆ ಸಾಗಿಸಿ, ಆಗಾಗ ಗ್ರಾಂ-ಶ್ಮಿಟ್ ವಿಧಾನದಲ್ಲಿ ಲಂಬವಾಗಿಸಿ ನಾಲ್ಕೂ ಘಾತಾಂಕ ತೆಗೆಯಿರಿ. ಬೆನೆಟಿನ್ ಮತ್ತು ಸಂಗಡಿಗರು 1980ರಲ್ಲಿ ಕೊಟ್ಟ ಕ್ರಮ ಇದೇ. ನಾಲ್ಕರ ಮೊತ್ತ ಸೊನ್ನೆ, ಮತ್ತು ಅವು ಧನ-ಋಣ ಜೋಡಿಗಳಾಗಿ ಬರಬೇಕು. ಬಾರದಿದ್ದರೆ ಅವಕಲನದಲ್ಲಿ ಎಲ್ಲೋ ಒಂದು ಚಿಹ್ನೆ ತಪ್ಪಿದೆ.

ಮುಂದಿನ ಮೆಟ್ಟಿಲಾಗಿ ಕೆ1 = 8.42, ಕೆ2 = 0, ಬಿ = 0.1 ಇಡಿ. ಮೊದಲ ಭಾಗ ಪೂರ್ತಿ ಕೇಯಾಸಿನಲ್ಲಿದೆ, ಎರಡನೆಯದಕ್ಕೆ ಸ್ವಂತ ಒದೆತವೇ ಇಲ್ಲ. ಮೊದಲನೆಯದರ ಕೋನ ಯದ್ವಾತದ್ವಾ ತಿರುಗುವುದರಿಂದ ಎರಡನೆಯದಕ್ಕೆ ಬಿ ಗಾತ್ರದ ಯಾದೃಚ್ಛಿಕ ಒದೆತಗಳು ಬಿದ್ದಂತಾಗುತ್ತದೆ. ಪಿ2ರ ವಿಸರಣಾ ಗುಣಾಂಕ ಬಿ²/4, ಅಂದರೆ 0.0025 ಸುಮಾರಿಗೆ ಬರಬೇಕು. ಇದು ಬಂದರೆ ಜೋಡಣೆಯ ಕೋಡ್ ಸರಿಯಿದೆ.

ಕೊನೆಗೆ ಕಷ್ಟದ್ದು: ಕೆ1, ಕೆ2 ಎರಡೂ 0.97ಕ್ಕಿಂತ ಕೆಳಗೆ. ಇಲ್ಲಿ ಬಿಯನ್ನು ಸಣ್ಣದರಿಂದ ಶುರು ಮಾಡುವುದು ಎಲ್ಲರೂ ಮಾಡುವ ತಪ್ಪು. ಏನೂ ಅಲ್ಲಾಡುವುದಿಲ್ಲ, ನಾಲ್ಕು ದಿನ ಹಾಳು. ಹರಡುವಿಕೆ ಕಣ್ಣಿಗೆ ಕಾಣುವಷ್ಟು ದೊಡ್ಡ ಬಿಯಿಂದ ಶುರು ಮಾಡಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ. ಪ್ರತಿ ಮೆಟ್ಟಿಲಲ್ಲೂ ಡಿ ಅಳೆದು ಗ್ರಾಫ್ ಹಾಕಿ. ಕೆ ಮತ್ತು ಬಿ ಎಲ್ಲವೂ ಒಟ್ಟಿಗೆ ಸಣ್ಣದಾಗುತ್ತಾ ಹೋದರೆ ಹರಡಲು ಬೇಕಾದ ಕಾಲ ಘಾತೀಯವಾಗಿ ಹಿಗ್ಗುತ್ತದೆ ಎಂದು ನೆಖೊರೊಶೆವ್ 1977ರಲ್ಲಿ ಸಾಧಿಸಿದ್ದಾರೆ. ಅಲ್ಲಿ ಲ್ಯಾಪ್‌ಟಾಪ್ ಮಾತ್ರವಲ್ಲ, ಯಾವ ಕಂಪ್ಯೂಟರೂ ಕೈಚೆಲ್ಲುತ್ತದೆ. "10⁸ ಹೆಜ್ಜೆಯ ತನಕ ವಿಸರಣೆ ಕಾಣಲಿಲ್ಲ" ಎನ್ನುವುದು ಗೌರವದ ಉತ್ತರವೇ. "ವಿಸರಣೆ ಇಲ್ಲ" ಎನ್ನುವುದು ಅಲ್ಲ.

ಸುತ್ತುವಿಕೆಯ ತಪ್ಪು, ಅಂದರೆ ಪ್ರತಿ ಹೆಜ್ಜೆಯಲ್ಲಿ ಕಡೆಯ ಅಂಕೆ ಕತ್ತರಿಸುವುದರಿಂದ ಬರುವ ತಪ್ಪೂ ತಾನಾಗಿ ಒಂದು ನಕಲಿ ವಿಸರಣೆಯನ್ನು ಹುಟ್ಟಿಸುತ್ತದೆ. ತೀರಾ ಚಿಕ್ಕ ಡಿ ಅಳೆಯುವವರು ಕ್ರಮಬದ್ಧ ಎಂದು ಗೊತ್ತಿರುವ ಪಥಗಳ ಮೇಲೆ ಅದೇ ಪ್ರೋಗ್ರಾಮ್ ಓಡಿಸಿ, ಅಲ್ಲಿ ಸಿಗುವ ಬೆಲೆಗಿಂತ ತಮ್ಮದು ಬಹಳ ಮೇಲಿದೆ ಎಂದು ತೋರಿಸಬೇಕು.

ಹಂತ 6: ಕೇಯಾಸಿನ ನಕ್ಷೆ

ಪಿ1, ಪಿ2 ಸಮತಲದಲ್ಲಿ 500 × 500 ಬಿಂದುಗಳ ಜಾಲರಿ ಮಾಡಿ. ಥೀಟಾಗಳು ಎಲ್ಲದಕ್ಕೂ ಒಂದೇ, ಆರಂಭದ ವಿಚಲನ ಸದಿಶವೂ ಒಂದೇ. ಪ್ರತಿ ಬಿಂದುವಿನಿಂದ 1000 ಹೆಜ್ಜೆ ಓಡಿಸಿ, ಸದಿಶದ ಉದ್ದ ತಲುಪಿದ ಗರಿಷ್ಠದ ಲಾಗ್ ಬರೆದುಕೊಂಡು ಬಣ್ಣ ಹಚ್ಚಿ. ಇದು ಎಫ್‌ಎಲ್‌ಐ, ವೇಗದ ಲ್ಯಾಪುನೋವ್ ಸೂಚಕ. 1997ರಿಂದ ಬಳಕೆಯಲ್ಲಿದೆ. ಸಾಧಾರಣ ಕ್ರಮಬದ್ಧ ಪಥಕ್ಕೆ ಬೆಲೆ ಲಾಗ್(1000), ಅಂದರೆ 6.9ರ ಆಸುಪಾಸು, ಕೇಯಾಸಿಗೆ ಅದಕ್ಕಿಂತ ತುಂಬಾ ಮೇಲೆ, ಅನುರಣನದೊಳಗಿನ ಕ್ರಮಬದ್ಧ ಪಥಕ್ಕೆ ಕೆಳಗೆ. ಬಣ್ಣದ ಪಟ್ಟಿಯನ್ನು ಇದರ ಎರಡೂ ಕಡೆಗೆ ಹೊಂದಿಸಿದರೆ ಆರ್ನೊಲ್ಡ್ ಜಾಲ, ಅಂದರೆ ಐದನೇ ಹಂತದಲ್ಲಿ ಹೇಳಿದ ಕೇಯಾಸ್ ಪದರಗಳ ಜಾಲ, ಎದ್ದು ಕಾಣುತ್ತದೆ. ಒಟ್ಟು 25 ಕೋಟಿ ಹೆಜ್ಜೆ. ನಂಬಾ ಇದ್ದರೆ ಕೆಲವೇ ನಿಮಿಷದ ಕೆಲಸ.

ಸಾಲಿ (SALI) ಎಂಬ ಇನ್ನೊಂದು ಸೂಚಕವೂ ಇದೆ, 2001ರದ್ದು, ಎರಡು ಸದಿಶ ಬೇಕು. ನಾಲ್ಕು ಆಯಾಮದಲ್ಲಿ ಅದು ಚೊಕ್ಕವಾಗಿ ಬೇರ್ಪಡಿಸುತ್ತದೆ. ಎರಡು ಆಯಾಮದ ಮ್ಯಾಪಿನಲ್ಲಿ ಮಾತ್ರ ಕ್ರಮಬದ್ಧ ಪಥಕ್ಕೂ ಅದು ಸೊನ್ನೆಯತ್ತ ಇಳಿಯುವುದರಿಂದ ಇಳಿಯುವ ವೇಗ ನೋಡಬೇಕು, ಬೆಲೆಯನ್ನಲ್ಲ.

ನಕ್ಷೆ ಕೈಗೆ ಬಂದ ಮೇಲೆಯೇ ಐದನೇ ಹಂತದ ಆರಂಭ ಬಿಂದುಗಳನ್ನು ಆರಿಸಿ. ಕೇಯಾಸ್ ಪದರದೊಳಗಿಂದ ಹೊರಟವು ಎಷ್ಟು, ಹೊರಗಿನಿಂದ ಎಷ್ಟು ಎಂದು ಗೊತ್ತಿಲ್ಲದೆ ತೆಗೆದ ಸರಾಸರಿಗೆ ಅರ್ಥ ಹೇಳುವುದು ಕಷ್ಟ.

ಹಂತ 7: ಉದ್ದದ ಓಟ ಮತ್ತು ನಮ್ಮ ಮಳೆಗಾಲ

ಎಲ್ಲವನ್ನೂ ಸೇವ್ ಮಾಡಲು ಹೋಗಬೇಡಿ. 10,000 ಪಥ, ಹತ್ತು ಲಕ್ಷ ಹೆಜ್ಜೆ, ಒಂದು ಸಂಖ್ಯೆಗೆ 8 ಬೈಟ್ ಎಂದರೆ ಒಂದೇ ಚರಕ್ಕೆ 80 ಜಿಬಿ. ಲಾಗ್ ಅಂತರದ 200 ಕಾಲಗಳಲ್ಲಿ ಮಾತ್ರ ಉಳಿಸಿದರೆ 16 ಎಂಬಿ.

ಕರೆಂಟು ಹೋಗುತ್ತದೆ ಎಂದೇ ಲೆಕ್ಕ ಹಾಕಿ. ಮೇ ತಿಂಗಳ ಸಂಜೆಯ ಗುಡುಗು-ಸಿಡಿಲಿಗೆ ಪ್ಲಗ್ ಕಿತ್ತಿಡುವುದು ನಮ್ಮ ಕಡೆ ಮನೆಮನೆಯ ಅಭ್ಯಾಸ; ಆಗ ಬ್ಯಾಟರಿ ಎಷ್ಟು ಹೊತ್ತು? ಹಾಗಾಗಿ ಪ್ರತಿ ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಎಲ್ಲಾ ಥೀಟಾ, ಪಿ, ಸದಿಶ, ಹೆಜ್ಜೆಯ ಲೆಕ್ಕ, ಲಾಗ್ ಮೊತ್ತಗಳನ್ನು ಫೈಲಿಗೆ ಬರೆಯಿರಿ. ನೇರವಾಗಿ ಹಳೆಯ ಫೈಲಿನ ಮೇಲೆಯೇ ಬರೆಯಬೇಡಿ. ಅರ್ಧ ಬರೆದಾಗ ಯಂತ್ರ ಆರಿದರೆ ಹಳೆಯದೂ ಹೋಯಿತು, ಹೊಸದೂ ಇಲ್ಲ. ತಾತ್ಕಾಲಿಕ ಹೆಸರಿನಲ್ಲಿ ಬರೆದು, ಮುಗಿದ ಮೇಲೆ ಹೆಸರು ಬದಲಿಸಿ. ಸಂಖ್ಯೆಗಳನ್ನು ಬೈನರಿಯಲ್ಲಿ ಇಡಿ. ಆರು ದಶಾಂಶದ ಪಠ್ಯ ಫೈಲಿನಿಂದ ಮತ್ತೆ ಶುರು ಮಾಡಿದರೆ ಅದು ಬೇರೆಯೇ ಪಥ.

ಏಪ್ರಿಲ್ ಸೆಖೆಯಲ್ಲಿ ಲ್ಯಾಪ್‌ಟಾಪ್ ಬಿಸಿಯೇರಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ರಾತ್ರಿ ಓಡಿಸಿ, ಹಾಸಿಗೆ ಮೇಲೆ ಇಡಬೇಡಿ.

ಹಂತ 8: ಮ್ಯಾಪಿನಿಂದ ನಿರಂತರ ಕಾಲಕ್ಕೆ

ಕ್ಷುದ್ರಗ್ರಹ, ಅಣುಗಳ ಸರಪಳಿ, ಅಥವಾ 1964ರ ಎನೋನ್-ಹೈಲ್ಸ್ ಮಾದರಿ (ಗೆಲಾಕ್ಸಿಯೊಳಗೆ ನಕ್ಷತ್ರದ ಚಲನೆಯದ್ದು) ಬೇಕೆಂದವರು ಅವಕಲ ಸಮೀಕರಣ ಬಿಡಿಸಬೇಕಾಗುತ್ತದೆ. ಒಂದೇ ಮಾತು: ದೀರ್ಘಕಾಲದ ಹ್ಯಾಮಿಲ್ಟೋನಿಯನ್ ಲೆಕ್ಕಕ್ಕೆ ಪಠ್ಯಪುಸ್ತಕದ ನಾಲ್ಕನೇ ದರ್ಜೆಯ ರುಂಗೆ-ಕುಟ್ಟ ಬೇಡ. ಅದರಲ್ಲಿ ಶಕ್ತಿ ಒಂದೇ ದಿಕ್ಕಿಗೆ ನಿಧಾನ ಜಾರುತ್ತದೆ, ಆ ಜಾರುವಿಕೆಯೇ ನಿಮಗೆ ವಿಸರಣೆಯಂತೆ ಕಾಣುತ್ತದೆ. ಸಿಂಪ್ಲೆಕ್ಟಿಕ್, ಅಂದರೆ ಫೇಸ್ ಸ್ಪೇಸಿನ ರಚನೆ ಉಳಿಸುವ ವಿಧಾನ ಬಳಸಿ: ಲೀಪ್‌ಫ್ರಾಗ್ ಸುಲಭ, ಹೆಚ್ಚು ನಿಖರತೆಗೆ 1990ರ ಯೋಶಿದಾ ವಿಧಾನ. ಅವುಗಳಲ್ಲಿ ಶಕ್ತಿಯ ತಪ್ಪು ಒಂದು ಮಿತಿಯೊಳಗೆ ಏರಿಳಿಯುತ್ತದೆ. ಎನೋನ್-ಹೈಲ್ಸ್‌ನಲ್ಲಿ ಶಕ್ತಿ 1/6 ದಾಟಿದರೆ ಪಥ ಹೊರಗೆ ಓಡಿಹೋಗಬಹುದು, ಅದನ್ನು ಕೇಯಾಸ್ ಎಂದು ಎಣಿಸಬೇಡಿ. ಕಾಲದ ಹೆಜ್ಜೆಯನ್ನು ಅರ್ಧ ಮಾಡಿ ಮತ್ತೆ ಓಡಿಸಿ; ಡಿ ಬದಲಾದರೆ ನೀವು ಅಳೆದದ್ದು ಸಿಸ್ಟಮನ್ನಲ್ಲ, ನಿಮ್ಮ ವಿಧಾನವನ್ನು.

ವರದಿಗೆ ಸೇರಿಸಬೇಕಾದದ್ದು

ಪ್ರತಿ ಗ್ರಾಫಿನ ಕೆಳಗೆ ಕೆ, ಬಿ, ಪಥಗಳ ಸಂಖ್ಯೆ, ಹೆಜ್ಜೆಗಳ ಸಂಖ್ಯೆ, ಆರಂಭ ಬಿಂದುಗಳನ್ನು ಆರಿಸಿದ ರೀತಿ, ರ‍್ಯಾಂಡಮ್ ಬೀಜ ಸಂಖ್ಯೆ, ಇಳಿಜಾರನ್ನು ಯಾವ ಕಾಲದಿಂದ ಯಾವ ಕಾಲದ ತನಕ ಅಳೆದಿರಿ ಎಂಬುದು ಇರಲಿ. ನಾಲ್ಕು ಪರೀಕ್ಷಾ ಬೆಲೆಗಳ ಒಂದು ಕೋಷ್ಟಕ ಮೊದಲ ಪುಟಗಳಲ್ಲೇ ಹಾಕಿ: ಕೆ = 10ರ ಘಾತಾಂಕ 1.609, ಕೆ = 8.42ರ ಡಿ 17.7, ಕೆ = 10ರ ಡಿ 15.6, ಜೋಡಿಸಿದ ಮ್ಯಾಪಿನ 0.0025, ಪಕ್ಕದ ಕಾಲಮ್ಮಿನಲ್ಲಿ ನಿಮಗೆ ಬಂದದ್ದು, ತಪ್ಪಿನ ಅಂದಾಜು ಸಮೇತ. ಬಾಹ್ಯ ಪರೀಕ್ಷಕರಿಗೆ ಈ ವಿಷಯ ಗೊತ್ತಿದ್ದರೆ ಅವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಗೊತ್ತಿಲ್ಲದಿದ್ದರೆ ಬಣ್ಣದ ನಕ್ಷೆ ನೋಡಿ "ಇದು ಎಂಥದು?" ಎಂದು ಕೇಳುತ್ತಾರೆ, ಅದಕ್ಕೂ ಎರಡು ವಾಕ್ಯ ತಯಾರು ಇಟ್ಟುಕೊಳ್ಳಿ.